ಧಾತು ಈಶ್ವರ ಕ್ಷಾಮದ ದಾರಿಯಲ್ಲಿ

ಕಳೆದ ತಿಂಗಳು ವಸೂಲಿಗೆಂದು ಹೊಸೂರಿನಿಂದ ಕೃಷ್ಣಗಿರಿಗೆ ಹೋಗಿದ್ದೆ. ದಾರಿಯುದ್ದಕ್ಕೂ ರಾಗಿ ಹೊಲ, ಮಾವಿನ ತೋಪು. ಹಿಂದೆ ಇದೆಲ್ಲ ಸೇಲಂ ಜಿಲ್ಲೆ. 1876-78ರ ಧಾತು ಈಶ್ವರ ಕ್ಷಾಮದಲ್ಲಿ ಆ ಜಿಲ್ಲೆಯಿಂದ ಎಷ್ಟೋ ಮಂದಿ ಸಿಂಹಳದ ತೋಟಗಳ ಕೂಲಿಗೆ ಹೋದರು. ಆಗಲೂ ಮದರಾಸಿನಿಂದ ಧಾನ್ಯ ರಫ್ತಾಗುತ್ತಲೇ ಇತ್ತು. ದವಸ ಕೂಡಿಟ್ಟು ಬೆಲೆ ಏರಿಸಿದ ವರ್ತಕರೂ ಇದ್ದರು. ನಮ್ಮ ಕಸುಬಿನವರೇ ಎನ್ನಲು ನಾಚಿಕೆ.

ತೋಟದ ಕೂಲಿಗಳ ಸಂತತಿಯನ್ನು ಸಿಂಹಳದ 1948ರ ಪೌರತ್ವ ಕಾಯ್ದೆ ದೇಶವಿಲ್ಲದವರನ್ನಾಗಿ ಮಾಡಿತು. 1983ರ ಗಲಭೆಯ ನಂತರ ಓಡಿಬಂದ ನಿರಾಶ್ರಿತರಲ್ಲಿ ಅವರೂ ಇದ್ದರು. ಕೃಷ್ಣಗಿರಿ ಜಿಲ್ಲೆಯಲ್ಲಿ ಇಂದಿಗೂ ನಿರಾಶ್ರಿತರ ಶಿಬಿರಗಳಿವೆ. 2021ರಲ್ಲಿ ಸರ್ಕಾರ ಅವಕ್ಕೆ ಪುನರ್ವಸತಿ ಶಿಬಿರವೆಂದು ಹೆಸರಿಟ್ಟಿತು.

ಶಿಬಿರದ ಪೇಂಟರ್ ಹುಡುಗನೊಬ್ಬ ಒಮ್ಮೆ ನನ್ನ ಬಣ್ಣದ ಅಂಗಡಿಯಲ್ಲಿ ಉದ್ರಿ ಕೇಳಿದ್ದ. ವಿಳಾಸ ಕೇಳಿ, ಇಲ್ಲವೆಂದು ಕಳಿಸಿದೆ.

ಕ್ಷಾಮಕ್ಕೆ ಊರು ಬಿಟ್ಟವರ ನೆನಪಿಗೆ ದಾರಿಯಲ್ಲಿ ಒಂದು ಕಲ್ಲೂ ನನಗೆ ಕಾಣಲಿಲ್ಲ. ಐರ್ಲೆಂಡಿನವರನ್ನು ನೋಡಿ: 1845ರಲ್ಲಿ ಆಲೂಗೆಡ್ಡೆ ಕೊಳೆತು ಬಂದ ಕ್ಷಾಮವನ್ನು ಸರ್ಕಾರವೇ ಪ್ರತಿವರ್ಷ ಸ್ಮರಿಸುತ್ತದೆ. ಡಬ್ಲಿನ್ ನಗರದ ನದೀತೀರದಲ್ಲಿ, ಗಂಟು ಹೊತ್ತು ಹಡಗಿನತ್ತ ನಡೆಯುವ ಬಡವರ ಕಂಚಿನ ಮೂರ್ತಿಗಳಿವೆ.

ದೀಪಾವಳಿಗೆ ಹೊಸ ಖಾತೆ ತೆರೆದಾಗ ಶಿಬಿರದವರಿಗೂ ಉದ್ರಿ ಬರೆಯಬೇಕೆಂದು ಮಗನಿಗೆ ಹೇಳಿದೆ. ಜಾಮೀನು ಯಾರೆಂದು ಕೇಳಿದ. ನನ್ನ ಹೆಸರು ಬರೆ ಎಂದೆ.