ರಸೀದಿ ಕೇಳಲು ನಾಚಿದ ಭಕ್ತಿ

ದುಧನಿಯ ಮಾರುಕಟ್ಟೆಯಲ್ಲಿ ಒಂದು ಚೀಲ ತೊಗರಿ ಮಾರಿದರೂ ಅಡತಿಯವರು ಪಟ್ಟಿ ಬರೆದುಕೊಡುತ್ತಾರೆ. ತೂಕ, ದರ, ಹಮಾಲಿ ಎಲ್ಲವೂ ಅದರಲ್ಲಿ ಇರುತ್ತವೆ. ಪಟ್ಟಿ ಕೈಗೆ ಬಾರದೆ ರೈತನು ಊರಿಗೆ ಮರಳುವುದಿಲ್ಲ. ಅಂಥ ಊರಿನಲ್ಲಿಯೇ ವೃದ್ಧ ದರ್ಜಿಯೊಬ್ಬರು, ನಲವತ್ತು ವರ್ಷ ಹೊಲಿಗೆಯಂತ್ರ ತುಳಿದು ಕೂಡಿಟ್ಟ ಹಣದಲ್ಲಿ ಒಂದು ಲಕ್ಷ ರೂಪಾಯಿಯನ್ನು ಅಪರಿಚಿತನೊಬ್ಬನ ಕೈಯಲ್ಲಿಟ್ಟರು. ಪ್ರತಿಯಾಗಿ ಒಂದು ತುಂಡು ಕಾಗದವನ್ನೂ ಪಡೆಯಲಿಲ್ಲ.

ಬಂದವನು ಸೋಲಾಪುರದ ಬಂಧುವೊಬ್ಬರ ಹೆಸರು ಹೇಳಿದ್ದನು. ಮಕ್ಕಾ ಮದೀನಾಗಳ ವರ್ಣನೆ ಅವನ ನಾಲಿಗೆಯ ತುದಿಯಲ್ಲಿತ್ತು. ಚೀಟಿ ಎತ್ತುವುದನ್ನು ಕಾಯಬೇಕಿಲ್ಲ, ಈ ವರ್ಷವೇ ಹಜ್, ಉಳಿದಿರುವುದು ಎರಡೇ ಸ್ಥಾನ, ನಾಳೆ ಸಂಜೆಯೊಳಗೆ ಮುಂಗಡ ಬೇಕು ಎಂದನು. ದಂಪತಿಗಳ ಕಣ್ಣಲ್ಲಿ ನೀರಾಡಿತು.

ಕನ್ನಡ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಅಂದು ರಾತ್ರಿ ಕೇಳಿದಳು: "ದಾದಾ, ರಸೀದಿ ಎಲ್ಲಿ?"

"ಅಲ್ಲಾಹನ ಮನೆಗೆ ಕರೆದೊಯ್ಯುವವನಲ್ಲಿ ರಸೀದಿ ಕೇಳುವುದೇ, ಬೇಟಿ?" ಎಂದರು ಅಜ್ಜ.

ಮೋಸಗಾರನ ಬಂಡವಾಳ ಇದೇ. ಅವನು ದುರಾಸೆಯವರನ್ನಷ್ಟೇ ಹುಡುಕುವುದಿಲ್ಲ. ಪ್ರಶ್ನೆ ಕೇಳುವುದನ್ನೇ ಪಾಪವೆಂದು ತಿಳಿದ ಸಜ್ಜನರನ್ನೂ ಹುಡುಕುತ್ತಾನೆ. ಇದು ಹೊಸತೂ ಅಲ್ಲ. ಹಡಗುಗಳ ಕಾಲದಲ್ಲಿ ಮುಂಬಯಿಯ ದಲ್ಲಾಳಿಗಳು ಯಾತ್ರಿಕರನ್ನು ಸುಲಿಯುತ್ತಿದ್ದರು. ಆ ದೂರುಗಳ ನಡುವೆ 1886ರಲ್ಲಿ ಬ್ರಿಟಿಷ್ ಸರಕಾರ ಯಾತ್ರೆಯ ವ್ಯವಸ್ಥೆಯನ್ನು ಥಾಮಸ್ ಕುಕ್ ಕಂಪನಿಗೆ ಒಪ್ಪಿಸಿತು. ಹತ್ತು ವರ್ಷ ತುಂಬುವ ಮೊದಲೇ ಆ ಏರ್ಪಾಡು ಮುಗಿಯಿತು. ಹಡಗಿನ ಯಾತ್ರೆ 1995ರಲ್ಲಿ ನಿಂತಿತು. ದಲ್ಲಾಳಿಗಳು ಮಾತ್ರ ಉಳಿದರು.

ಮೊಮ್ಮಗಳ ಮಾತು ಅಜ್ಜನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮಸೀದಿಯ ಇಮಾಮರಲ್ಲಿ ಹೇಳಿಕೊಂಡರು. ಕುರಾನಿನ ಅತಿ ದೀರ್ಘವಾದ ವಚನ ಯಾವುದರ ಕುರಿತು ಎಂದು ಇಮಾಮರು ಕೇಳಿದರು. ಅದು ಎರಡನೆಯ ಅಧ್ಯಾಯದ 282ನೆಯ ವಚನ. ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕೆಂಬುದು ಅದರ ವಿಷಯ. ಬರೆಸಿಕೊಳ್ಳುವುದು ಅಪನಂಬಿಕೆಯಲ್ಲ, ಆಜ್ಞೆಯ ಪಾಲನೆ ಎಂದು ತಿಳಿದು ವೃದ್ಧರು ತಲೆ ತಗ್ಗಿಸಿದರು.

ಬಳಿಕ ವಿಚಾರಿಸಿದಾಗ ನಿಜ ಹೊರಬಂತು. ಭಾರತದಿಂದ ಹಜ್‌ಗೆ ಹೋಗಲು ಎರಡೇ ದಾರಿ. ಒಂದು, 2002ರ ಕಾಯ್ದೆಯಡಿ ನಡೆಯುವ ಭಾರತೀಯ ಹಜ್ ಸಮಿತಿ. ಅದರ ಮುಖ್ಯ ಕಚೇರಿ ಮುಂಬಯಿಯ ಹಜ್ ಹೌಸ್. ಎರಡು, ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಾಯಿತರಾದ ಖಾಸಗಿ ಸಂಘಟಕರು. ಸಚಿವಾಲಯ ಅವರ ಪಟ್ಟಿಯನ್ನು ಪ್ರಕಟಿಸುತ್ತದೆ. ಬಂದವನು ಹೇಳಿದ ಸಂಸ್ಥೆ ಆ ಪಟ್ಟಿಯಲ್ಲಿರಲಿಲ್ಲ. ಅವನು ಕೊಡಿಸಲಿದ್ದುದು ಹಜ್ ವೀಸಾ ಅಲ್ಲ, ಸಂದರ್ಶಕ ವೀಸಾ. ಅದರ ಮೇಲೆ ಹಜ್ ಮಾಡುವುದು ಸೌದಿಯಲ್ಲಿ ಅಪರಾಧ. 2025ರಲ್ಲಿ ದಂಡ 20,000 ರಿಯಾಲ್‌ವರೆಗೆ ಇತ್ತು.

ದಂಡಕ್ಕಿಂತ ದೊಡ್ಡದು ಪ್ರಾಣ. 2024ರ ಹಜ್ ವೇಳೆ ಮಕ್ಕಾದ ಬಿಸಿಲು 50 ಡಿಗ್ರಿ ದಾಟಿತು. 1,301 ಜನ ತೀರಿಕೊಂಡರೆಂದೂ, ಅವರಲ್ಲಿ ನೂರಕ್ಕೆ 83 ಮಂದಿ ಅನುಮತಿಯಿಲ್ಲದೆ ಬಂದವರೆಂದೂ ಸೌದಿ ಸರಕಾರ ತಿಳಿಸಿತು. ನೆರಳಿಲ್ಲದೆ ಬಹುದೂರ ನಡೆದವರು ಅವರು.

ವೃದ್ಧರು ಹಣ ಹಿಂದಕ್ಕೆ ಕೇಳಿದರು. ಎರಡು ದಿನ ಸಬೂಬು, ಮೂರನೆಯ ದಿನದಿಂದ ಫೋನ್ ಬಂದ್. ಬ್ಯಾಂಕಿನ ಮೂಲಕ ಕಳುಹಿಸಿದ್ದರೆ ಕೂಡಲೇ 1930ಕ್ಕೆ ದೂರು ಕೊಡಬಹುದಿತ್ತು. ನಗದಿಗೆ ಗುರುತೇ ಇಲ್ಲ. ಠಾಣೆಯಲ್ಲಿ ಕೇಳಿದ ಮೊದಲ ಪ್ರಶ್ನೆಯೂ ಮೊಮ್ಮಗಳದೇ ಆಗಿತ್ತು: ರಸೀದಿ ಎಲ್ಲಿ? ಪಾಸ್‌ಪೋರ್ಟಿನ ನಕಲನ್ನು ಮಾತ್ರ ಕೊಟ್ಟು ಮೂಲವನ್ನು ಉಳಿಸಿಕೊಂಡಿದ್ದೊಂದೇ ಸಮಾಧಾನ.

ವೃದ್ಧರು ಈ ಸಂಗತಿಯನ್ನು ಮುಚ್ಚಿಡಲಿಲ್ಲ. ಶುಕ್ರವಾರದ ನಮಾಜಿನ ನಂತರ ಎಲ್ಲರಿಗೂ ಹೇಳಿದರು. ಅದನ್ನು ಕೇಳಿ, ಉಮ್ರಾಕ್ಕಾಗಿ ಅದೇ ಮನುಷ್ಯನಿಗೆ ಹಣ ಕೊಡಲಿದ್ದ ಇನ್ನೆರಡು ಮನೆಯವರು ಕೈ ಹಿಂದೆಗೆದರು.

ಮುಂದಿನ ಹಜ್‌ಗೆ ಮೊಮ್ಮಗಳೇ ಸಮಿತಿಯ ಅರ್ಜಿ ತುಂಬಿದಳು. ಚೀಟಿಯಲ್ಲಿ ಹೆಸರು ಬರಬಹುದು, ಬಾರದಿರಬಹುದು. ಶಕ್ತಿಯುಳ್ಳವರಿಗೆ ಮಾತ್ರ ಹಜ್ ಕಡ್ಡಾಯವೆಂಬುದನ್ನು ಅಜ್ಜಿ ನೆನಪಿಸುತ್ತಾರೆ. ಅರ್ಜಿಯ ಸ್ವೀಕೃತಿ ಪತ್ರ ಪಾಸ್‌ಪೋರ್ಟುಗಳೊಡನೆ ಟ್ರಂಕಿನಲ್ಲಿದೆ. ಅದರ ಮೇಲಿನ ಸಂಖ್ಯೆ ಅಜ್ಜನಿಗೆ ಈಗ ಬಾಯಿಪಾಠ.