ಕೆಂಪು ಗೆರೆಯ ಮೀನು

ಪ್ರೀತಿಯ ತಮ್ಮನಿಗೆ,

ಬಾಗೂರಿನ ತೋಟದಲ್ಲಿ ತೆಂಗಿನಕಾಯಿ ಕೆಡವಿ ಆಯ್ತು. ಅಮ್ಮನ ಮಂಡಿನೋವು ಹಾಗೇ ಇದೆ, ನಿನ್ನ ಫೋನ್ ಬಂದಾಗ ಮಾತ್ರ ಮರೆತುಹೋಗುತ್ತೆ.

ಗಾಜಿನ ತೊಟ್ಟಿ ತಂದಿದ್ದೀನಿ, ಅದರಲ್ಲಿ 'ಮಿಸ್ ಕೇರಳ' ಮೀನು ಬಿಡ್ತೀನಿ ಅಂದೆಯಲ್ಲ, ಕೇಳಿ ನಗು ಬಂತು. ತನ್ನ ಊಟಕ್ಕೇ ಹೊತ್ತುಗೊತ್ತಿಲ್ಲದವನು ಮೀನಿಗೆ ಉಣಿಸ್ತಾನಂತೆ! ಆಮೇಲೆ ಯಾಕೋ ಮನಸ್ಸು ತಡೆಯಲಿಲ್ಲ, ಬರೆಯಲು ಕೂತೆ.

ಗೇಣುದ್ದವೂ ಬೆಳೆಯದ ಮೀನು ಅದು. ಬೆಳ್ಳಿ ಮೈ, ಮೂತಿಯಿಂದ ಬಾಲದವರೆಗೆ ಕಪ್ಪು ಪಟ್ಟಿ, ಅದರ ಮೇಲೆ ಕಣ್ಣನ್ನು ಹಾದು ಬರುವ ಕೆಂಪು ಗೆರೆ. ಮಲಯಾಳದವರು 'ಚೋರಕ್ಕಣಿಯಾನ್' ಅಂತಾರೆ. ಚೋರ ಅಂದರೆ ರಕ್ತ ಕಣೋ. 1865ರಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ಅದಕ್ಕೆ ಮದ್ರಾಸಿನ ಗವರ್ನರ್ ಡೆನಿಸನ್ನರ ಹೆಸರಿಟ್ಟರು. ಕೇರಳದ ಮತ್ತು ನಮ್ಮ ಕರ್ನಾಟಕದ ತೆಂಕಣ ಅಂಚಿನ ಪಶ್ಚಿಮಘಟ್ಟದ ಹೊಳೆಗಳು ಬಿಟ್ಟರೆ ಅದಕ್ಕೆ ಲೋಕದಲ್ಲಿ ಬೇರೆ ತವರಿಲ್ಲ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಕಾಸರಗೋಡಿನಲ್ಲಿ ಕಡಲು ಸೇರುವ ಚಂದ್ರಗಿರಿಯೂ ಅದರ ಮನೆಯೇ. ಮರದ ನೆರಳು, ಕಲ್ಲಿನ ತಳ, ತಿಳಿಯಾಗಿ ಓಡುವ ತಣ್ಣನೆ ನೀರು, ಜೊತೆಗೆ ತನ್ನ ಹಿಂಡು ಇದ್ದರೆ ಅದಕ್ಕೆ ಸಾಕು.

1997ರಲ್ಲಿ ಸಿಂಗಪುರದ ಅಕ್ವಾರಾಮಾ ಮೀನು ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂತು. ಅಲ್ಲಿಂದ ದೇಶದೇಶಗಳವರು ಕೇಳತೊಡಗಿದರು, ಹೊಳೆಗೆ ಬಲೆಯ ಮೇಲೆ ಬಲೆ ಬಿತ್ತು. ಚೆಂದ ಇದ್ದದ್ದೇ ಅದಕ್ಕೆ ಮುಳುವಾಯ್ತು ನೋಡು. ಈಗ ಅದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಹಿಡಿಯುವುದಕ್ಕೆ 2008ರಲ್ಲಿ ಕೇರಳ ಸರ್ಕಾರ ಕಡಿವಾಣ ಹಾಕಿತು. ಆದರೆ ದಡದ ಮರ ಕಡಿದು, ಹೊಳೆಗೆ ಕೊಳಕು ಬಿಟ್ಟರೆ, ಬಲೆ ಬೀಸದಿದ್ದರೂ ಆ ಮೀನು ಎಲ್ಲಿ ಉಳಿದೀತು?

ನೀರಿನ ಬೆಲೆ ನಮ್ಮ ಬಯಲುಸೀಮೆಯವರಿಗೆ ಹೇಳಿಕೊಡಬೇಕೇ? 1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಗ ನೀನು ರಜೆ ಹಾಕಿ ಓಡಿಬಂದಿದ್ದೆ. ಅಷ್ಟು ಮಾತಾಡುವವನು ಆ ನೀರಿನ ಸದ್ದಿನ ಮುಂದೆ ಸುಮ್ಮನೆ ನಿಂತುಬಿಟ್ಟಿದ್ದೆ. ಆ ಮೀನು ಹುಟ್ಟಿದಾಗಿನಿಂದ ಕೇಳಿರುವುದು ಓಡುವ ನೀರಿನ ಸದ್ದನ್ನೇ ಕಣೋ.

ಮೀನು ಸಾಕಲೇಬೇಡ ಅನ್ನಲ್ಲ. ಅದನ್ನು ತೊಟ್ಟಿಯಲ್ಲೇ ಮರಿ ಮಾಡಿಸುವುದನ್ನೂ ಈಗ ಕಲಿತಿದ್ದಾರೆ. ಹೊಳೆಯಿಂದ ಹಿಡಿದು ತಂದದ್ದೋ, ಸಾಕಿ ಮರಿ ಮಾಡಿಸಿದ್ದೋ, ಅಂಗಡಿಯವನನ್ನು ಕೇಳು. ಹೊಳೆಯದಾದರೆ ಬಿಟ್ಟು ಬಾ.

ರೊಟ್ಟಿ, ಚಟ್ನಿಪುಡಿ ಕಳಿಸಿದ್ದೀನಿ. ಹೊತ್ತಿಗೆ ಸರಿಯಾಗಿ ಉಣ್ಣು. ಅಂಗಡಿಯವನು ಏನಂದ ಅಂತ ಮರೆಯದೆ ಬರಿ.

ನಿನ್ನ ಅಕ್ಕ