ಸಂಜೆಯ ಹೊತ್ತಿನ ಗುರು

ಶಾಲೆ ಎಂದೊಡನೆ ನಮ್ಮ ಕಣ್ಮುಂದೆ ಬರುವವರು ತರಗತಿಯ ಉಪಾಧ್ಯಾಯರು. ಕೊನೆಯ ಗಂಟೆ ಬಾರಿಸಿದ ಮೇಲೂ ಮಕ್ಕಳೊಡನೆ ಆಟದ ಅಂಗಳದಲ್ಲಿ ಉಳಿಯುವವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅಂಥವರೊಬ್ಬರ ಬದುಕನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ. ಅವರು ಅಮೆರಿಕದ ಬಾಸ್ಕೆಟ್‌ಬಾಲ್ ತರಬೇತುದಾರ ಬಾಬ್ ಹರ್ಲಿ.

ನ್ಯೂಯಾರ್ಕ್ ನಗರದೆದುರು, ಹಡ್ಸನ್ ನದಿಯ ಈಚೆ ದಡದಲ್ಲಿ ಜೆರ್ಸಿ ಸಿಟಿ ಇದೆ. ಅಲ್ಲಿ ಸಂತ ಅಂತೋಣಿಯವರ ಹೆಸರಿನ ಪುಟ್ಟ ಕಥೋಲಿಕ ಪ್ರೌಢಶಾಲೆಯೊಂದಿತ್ತು. ಬಡ ಕುಟುಂಬಗಳ ಮಕ್ಕಳೇ ಅಲ್ಲಿ ಹೆಚ್ಚು. ಶಾಲೆಗೆ ಸ್ವಂತ ಒಳಾಂಗಣ ಕ್ರೀಡಾಂಗಣವಿರಲಿಲ್ಲ. ಬಿಂಗೊ ಆಟ ನಡೆಯುತ್ತಿದ್ದ ಹಳೆಯ ಸಭಾಂಗಣವೊಂದರಲ್ಲಿ ತಂಡ ಬಹುಕಾಲ ಅಭ್ಯಾಸ ಮಾಡಿತು.

1972ರಲ್ಲಿ ಹರ್ಲಿಯವರು ಆ ತಂಡದ ಮುಖ್ಯ ತರಬೇತುದಾರರಾದರು. ಅವರ ಜೀವನೋಪಾಯ ಬೇರೆಯೇ ಇತ್ತು. ಅವರು ಪ್ರೊಬೇಷನ್ ಅಧಿಕಾರಿ. ತಪ್ಪು ಮಾಡಿ ನ್ಯಾಯಾಲಯದ ಮೆಟ್ಟಿಲೇರಿದವರ ನಡತೆಯ ಮೇಲೆ ಕಣ್ಣಿಟ್ಟು, ಅವರನ್ನು ಸರಿದಾರಿಗೆ ತರುವುದು ಆ ಹುದ್ದೆಯ ಕೆಲಸ. ಬೀದಿಯ ಸಹವಾಸ ಹುಡುಗರನ್ನು ಎಲ್ಲಿಗೆ ಒಯ್ಯುತ್ತದೆಂಬುದನ್ನು ಹಗಲೆಲ್ಲ ಕಂಡವರು, ಸಂಜೆ ಅದೇ ಬೀದಿಗಳ ಹುಡುಗರ ನಡುವೆ ನಿಲ್ಲುತ್ತಿದ್ದರು. ಅವರ ಮಾತು ಬಲು ಕಟು, ಶಿಸ್ತು ಕಠಿಣ. ಆ ಗದರಿಕೆಯ ಹಿಂದೆ ಒಬ್ಬ ತಂದೆಯ ಆತಂಕವಿತ್ತೆಂದು ನನಗೆ ತೋರುತ್ತದೆ.

ಅವರ ತಂಡ ಸಾವಿರಕ್ಕೂ ಹೆಚ್ಚು ಪಂದ್ಯಗಳನ್ನೂ 28 ರಾಜ್ಯ ಪ್ರಶಸ್ತಿಗಳನ್ನೂ ಗೆದ್ದಿತು. 2010ರಲ್ಲಿ ಅವರ ಹೆಸರು ನೈಸ್ಮಿತ್ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿತು. ಕಾಲೇಜು ತಂಡಗಳಿಗೆ ತರಬೇತಿ ನೀಡಿದ್ದರೆ ಹಣವೂ ಕೀರ್ತಿಯೂ ಹೆಚ್ಚುತ್ತಿದ್ದವು. ಅವರು ಹೋಗಲಿಲ್ಲ. ಅವರ ಕೈಕೆಳಗೆ ಆಡಿದ ಹುಡುಗರಲ್ಲಿ ಬಹುತೇಕ ಎಲ್ಲರೂ ಕಾಲೇಜಿನ ಮೆಟ್ಟಿಲು ಹತ್ತಿದರು. ಪದಕಗಳಿಗಿಂತ ಈ ಲೆಕ್ಕವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಆದರೂ ಆ ಶಾಲೆ ಉಳಿಯಲಿಲ್ಲ. ಮಕ್ಕಳ ಶುಲ್ಕದಿಂದ ಶಾಲೆಯ ಖರ್ಚು ತೂಗುತ್ತಿರಲಿಲ್ಲ. ಶಾಲೆಯನ್ನು ನಡೆಸುತ್ತಿದ್ದ ಫೆಲಿಶಿಯನ್ ಸಭೆಯ ಧರ್ಮಭಗಿನಿಯರೂ ಹರ್ಲಿಯವರೂ ವರ್ಷವರ್ಷವೂ ದಾನಿಗಳ ಬಾಗಿಲು ತಟ್ಟಿದರು. ಕೊನೆಗೆ 2017ರ ಜೂನ್‌ನಲ್ಲಿ ಬಾಗಿಲು ಮುಚ್ಚಿತು. ಹೊಳೆಯುವ ಟ್ರೋಫಿಗಳು ಅದನ್ನು ಕಾಪಾಡಲಾರದೆ ಹೋದವು.

ಹಾಗಾದರೆ ನಲವತ್ತೈದು ವರ್ಷಗಳ ದುಡಿಮೆ ವ್ಯರ್ಥವಾಯಿತೇ? ಅವರ ಬಳಿಯೇ ಆಟ ಕಲಿತ ಇಬ್ಬರು ಗಂಡುಮಕ್ಕಳಾದ ಬಾಬಿ ಮತ್ತು ಡ್ಯಾನ್ ಇಬ್ಬರೂ ತರಬೇತುದಾರರಾದರು. ಡ್ಯಾನ್ ತರಬೇತಿ ನೀಡಿದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡ 2023 ಮತ್ತು 2024ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಇದು ಲೋಕಕ್ಕೆ ಕಾಣುವ ಫಲ. ಬೀದಿಯ ಪಾಲಾಗಬಹುದಾಗಿದ್ದು, ಇಂದು ತಮ್ಮ ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕರೆಯುವ ತಂದೆಯರಾಗಿರುವ ಹಳೆಯ ಆಟಗಾರರ ಹೆಸರುಗಳು ಪತ್ರಿಕೆಗಳಲ್ಲಿ ಬರುವುದಿಲ್ಲ. ನಿಜವಾದ ಆಸ್ತಿ ಅಲ್ಲಿದೆ.

ಓದುಗರೇ, ನಮ್ಮ ಧರ್ಮಕೇಂದ್ರಗಳಲ್ಲೂ ದಿನದ ಕೆಲಸ ಮುಗಿಸಿ ಮಕ್ಕಳಿಗೆ ಚೆಂಡಾಟ ಕಲಿಸುವವರಿದ್ದಾರೆ, ಗಾನವೃಂದವನ್ನು ತಿದ್ದುವವರಿದ್ದಾರೆ, ಧರ್ಮೋಪದೇಶ ಹೇಳಿಕೊಡುವವರಿದ್ದಾರೆ. ಅವರಿಗೆ ನಾವು ಸಂಬಳ ಕೊಡುವುದಿಲ್ಲ, ಕೆಲವೊಮ್ಮೆ ಕೃತಜ್ಞತೆಯನ್ನೂ ಕೊಡುವುದಿಲ್ಲ. ಸಂಜೆಯ ಹೊತ್ತು ನಿಮ್ಮ ಮಗ ಅಥವಾ ಮಗಳು ಯಾರ ಬಳಿ ಇದ್ದಾರೆಂದು ಒಮ್ಮೆ ವಿಚಾರಿಸಿರಿ. ಅವರ ಹೆಸರು ತಿಳಿಯಿರಿ; ಈ ಭಾನುವಾರ ಪೂಜೆಯ ನಂತರ ಅವರ ಕೈಹಿಡಿದು ಎರಡು ಮಾತನಾಡಿರಿ. ಅವರು ಇನ್ನೂ ಕೆಲವು ವರ್ಷ ನಮ್ಮ ಮಕ್ಕಳೊಡನೆ ಉಳಿಯಲು ಅಷ್ಟು ಸಾಕಾದೀತು.